ಕಲ್ಲುಕುಟಿಗರನ್ನು ಮರೆತಿರಾ?

ಫ್ರೀಮೇಸನ್ ಎಂಬ ಸಂಘದ ಸ್ಥಳೀಯ ಶಾಖೆಗಳಾದ ಸ್ಕಾಟ್ಲೆಂಡಿನ ಮೇಸನ್ ಲಾಡ್ಜ್‌ಗಳು ಸಿರಿವಂತರ ಗುಟ್ಟಿನ ಕೂಟ ಅಂತ ಬರೆದಿದ್ದೀರಿ. ಪೂರ್ತಿ ಒಪ್ಪಲಾರೆ. ಮೇಸನ್ ಅಂದರೆ ಕಲ್ಲುಕುಟಿಗ. ಮೊದಲು ಅಲ್ಲಿ ಸೇರುತ್ತಿದ್ದವರು ಕೈಯಲ್ಲಿ ಉಳಿ ಹಿಡಿದ ಕಲ್ಲುಕುಟಿಗರೇ. ದೊರೆ ಆರನೇ ಜೇಮ್ಸ್‌ನ ಕಟ್ಟಡ ಕೆಲಸಗಳ ಮೇಲ್ವಿಚಾರಕ ವಿಲಿಯಂ ಶಾ 1598ರಲ್ಲಿ ಅವರಿಗೆ ನಿಯಮ ಬರೆದುಕೊಟ್ಟ. ಎಡಿನ್‌ಬರೋ ಲಾಡ್ಜಿನ ನಡಾವಳಿ ಪುಸ್ತಕ 1599ರಿಂದಲೇ ಸಿಗುತ್ತದೆ. ದೊಡ್ಡ ಮನುಷ್ಯರು ಜಾಸ್ತಿ ಬಂದದ್ದು ಆಮೇಲೆ.

ಆಮೇಲೂ ಬರೀ ಅವರೇ ಇರಲಿಲ್ಲ. ಕವಿ ರಾಬರ್ಟ್ ಬರ್ನ್ಸ್ 1781ರಲ್ಲಿ ಟಾರ್ಬೋಲ್ಟನ್ ಎಂಬ ಸಣ್ಣ ಊರಿನ ಲಾಡ್ಜ್ ಸೇರಿದಾಗ 22ರ ಹುಡುಗ, ಗೇಣಿ ರೈತನ ಮಗ. ಅಂಥವನು ಸಿರಿವಂತನೇ?

ಇನ್ನೊಂದು ತಮಾಷೆ. ಕಿಲ್ವಿನಿಂಗ್ ಎಂಬ ಊರಿನ ಲಾಡ್ಜ್‌ನವರು ತಾವೇ ಎಲ್ಲರಿಗಿಂತ ಹಳಬರು ಅಂತ ಹಟ ಹಿಡಿದರು. ಲಾಡ್ಜ್‌ಗಳ ಪಟ್ಟಿಯಲ್ಲಿ ಒಂದನೇ ನಂಬರು ಎಡಿನ್‌ಬರೋದ್ದು. ಹಾಗಾಗಿ ಇವರದ್ದು ಸೊನ್ನೆ! ಜಗಳ ಬಗೆಹರಿಸಿದ ರೀತಿ ಚೆನ್ನಾಗಿದೆ ಅಲ್ವಾ?