ತಲೆಬುರುಡೆಗೆ ಹಿತ್ತಲ ಬಾಗಿಲು

ಯಾವುದಾದರೂ ಕೊಳೆ ತೆಗೆಯುವ ದ್ರಾವಣದ ಬಾಟಲಿ ಕೈಗೆತ್ತಿಕೊಳ್ಳಿ. ಮುಂದುಗಡೆ ಒಂದು ಜಲಪಾತ ಇರುತ್ತದೆ. ಜಲಪಾತ ಸಿಗದಿದ್ದರೆ ನೇರಳೆ ಹೂವು. ಮೂಲೆಯಲ್ಲಿ ಮಿರಿಮಿರಿ ಮಿಂಚುವ ಒಂದು ಪಟ್ಟಿ, 'ಈಗ ಇನ್ನಷ್ಟು ಶಕ್ತಿಶಾಲಿ' ಅಂತ. ಈಗ ಬಾಟಲಿ ತಿರುಗಿಸಿ. ಬಾರ್‌ಕೋಡಿಗೂ ಕಾರ್ಖಾನೆಯ ವಿಳಾಸಕ್ಕೂ ನಡುವೆ ಇಕ್ಕಟ್ಟಿನಲ್ಲಿ ಒಂದು ಪುಟಾಣಿ ಕೆಂಪು ಚೌಕ ಮೂಲೆಯ ಮೇಲೆ ನಿಂತಿರುತ್ತದೆ. ಅದರೊಳಗೆ ಯಾರದೋ ಕೈ ಕರಗುತ್ತಿದೆ.

ಮುಂದೆ ಹೊಗಳಿಸಿಕೊಂಡ ಶಕ್ತಿಯೂ, ಹಿಂದೆ ಕೈ ಕರಗಿಸಿದ ಶಕ್ತಿಯೂ ಒಂದೇ. ಆದರೆ ಬಾಟಲಿಯ ಈ ಎರಡು ಮಗ್ಗುಲುಗಳಿಗೆ ಮಾತುಕತೆ ಇಲ್ಲ. ಯುರೋಪಿನ ನಿಯಮದ ಪ್ರಕಾರ ಎಚ್ಚರಿಕೆಯ ಚಿತ್ರ ಕನಿಷ್ಠ 1 ಚದರ ಸೆಂಟಿಮೀಟರ್ ಆದರೂ ಇರಬೇಕು. ಹೂವು ಎಷ್ಟು ದೊಡ್ಡದಿರಬಹುದು ಅಂತ ಯಾವ ನಿಯಮವೂ ಕೇಳುವುದಿಲ್ಲ.

ಈ ಚಿತ್ರಗಳನ್ನು ಮಾಡಿದ್ದು ಓದು ಬಾರದವರಿಗೂ ತಿಳಿಯಲಿ ಅಂತ. ಒಳ್ಳೆಯ ಉದ್ದೇಶ. ಓದು ಬಲ್ಲವರಿಗೆ ಎಷ್ಟು ತಿಳಿಯುತ್ತದೆ ಅಂತ ಮೊದಲು ನೋಡಿಬಿಡೋಣ.

ಆ ಕರಗುವ ಕೈಯನ್ನೇ ನೋಡಿ. ಮೇಲೆ ಎರಡು ಗಾಜಿನ ನಳಿಗೆ. ಒಂದರಿಂದ ಲೋಹದ ತುಂಡಿನ ಮೇಲೆ ಹನಿ ಬೀಳುತ್ತಿದೆ, ಇನ್ನೊಂದರಿಂದ ಕೈ ಮೇಲೆ. ಎರಡೂ ಕಡೆ ಸಣ್ಣಗೆ ಹೊಗೆ. ಲೋಹವನ್ನು ತಿನ್ನುತ್ತದೆ, ಚರ್ಮ ಸುಡುತ್ತದೆ, ಕಣ್ಣು ಕಳೆಯುತ್ತದೆ ಅಂತ ಅರ್ಥ. ಅವಸರದಲ್ಲಿ ನೋಡಿದವರಿಗೆ ಮಾತ್ರ 'ಬಳಸುವ ಮುಂಚೆ ಕೈ ತೊಳೆದುಕೊಳ್ಳಿ' ಅಂದ ಹಾಗೇ ಕಾಣುತ್ತದೆ.

ಇನ್ನೊಂದರಲ್ಲಿ ಎಲೆಯಿಲ್ಲದ ಮರ, ಪಕ್ಕದಲ್ಲಿ ಮೀನು. ಜಲಚರಗಳಿಗೆ ವಿಷ ಅಂತ ಅದರ ಸಾರ. ನೋಡಿದರೆ ರಜೆಗೆ ಗಾಳ ಹಿಡಿದು ಹೋಗುವ ಜಾಗದ ಫಲಕ.

ಬೆಂಕಿಯದು ಎರಡು ಚಿತ್ರ. ಬರೀ ಬೆಂಕಿ ಇದ್ದರೆ ಆ ವಸ್ತು ಸುಲಭವಾಗಿ ಹೊತ್ತಿಕೊಳ್ಳುವಂಥದ್ದು. ಉಂಗುರದ ಮೇಲೆ ಬೆಂಕಿ ಇದ್ದರೆ ಅದು ಉತ್ಕರ್ಷಕ. ಅಂದರೆ ತಾನು ಉರಿಯದಿದ್ದರೂ ಆಕ್ಸಿಜನ್ ಒದಗಿಸಿ ಪಕ್ಕದವರನ್ನು ಚೆನ್ನಾಗಿ ಉರಿಸುತ್ತದೆ. ಆಫೀಸಿನಲ್ಲಿ ಈ ಎರಡನೇ ಜಾತಿಯವರನ್ನು ನಾವು ಕತ್ತಲಲ್ಲೂ ಗುರುತು ಹಿಡಿಯುತ್ತೇವೆ. ಡ್ರಮ್ಮಿನ ಮೇಲೆ ಮಾತ್ರ ಆ ಉಂಗುರ ಕಣ್ಣಿಗೇ ಬೀಳುವುದಿಲ್ಲ.

ನನಗೆ ಜಾಸ್ತಿ ಮರುಕ ಹುಟ್ಟಿಸುವವನು ಎದೆಯ ಮೇಲೆ ನಕ್ಷತ್ರ ಹೊತ್ತ ಮನುಷ್ಯ. ಯಾವುದೋ ಸ್ಪರ್ಧೆಯಲ್ಲಿ ಪದಕ ಗೆದ್ದು ನಿಂತ ಹಾಗಿದ್ದಾನೆ. ಅವನಿಗೆ ಬಂದಿರುವುದು ಕ್ಯಾನ್ಸರ್ ಇರಬಹುದು. ವಂಶವಾಹಿಗೆ ಹಾನಿ ಇರಬಹುದು. ಹುಟ್ಟಲಿರುವ ಮಗುವಿಗೆ ತೊಂದರೆ, ಉಸಿರಾಟದ ಅಲರ್ಜಿ, ಲಿವರ್ರೋ ಕಿಡ್ನಿಯೋ ಕೆಡುವುದು, ಏನೂ ಇರಬಹುದು. ಯಾವುದು ಅಂತ ಚಿತ್ರ ಬಾಯಿ ಬಿಡುವುದಿಲ್ಲ. ತಕ್ಷಣ ಕೊಲ್ಲುವ ವಿಷಕ್ಕೆ ಹಾಕುವ ತಲೆಬುರುಡೆಯದು ನಗದು ವ್ಯಾಪಾರ, ಇವನದು ಕಂತಿನ ವ್ಯಾಪಾರ. ಕಂತಿನಲ್ಲಿ ಅಂದರೆ ನಮಗೆ ಯಾವುದೂ ಭಾರ ಅನಿಸುವುದಿಲ್ಲ ಅಲ್ವಾ? ಹಾಗಾಗಿ ಇವನಿಗೆ ಹೆದರುವವರೂ ಇಲ್ಲ.

ಇಂಥವು ಒಟ್ಟು 9 ಚಿತ್ರಗಳು. ಹಿಂದೆ ಒಂದೊಂದು ದೇಶಕ್ಕೆ ಒಂದೊಂದು ಲೆಕ್ಕ ಇತ್ತು. ಗಡಿಯ ಈಚೆ ವಿಷ ಅನಿಸಿಕೊಂಡ ಡ್ರಮ್ಮು ಗಡಿ ದಾಟಿದ ಕೂಡಲೇ ಮಾಮೂಲಿ ಸರಕಾಗುತ್ತಿತ್ತು. 1992ರಲ್ಲಿ ರಿಯೊ ಡಿ ಜನೈರೊದಲ್ಲಿ ಸೇರಿದ ಭೂಶೃಂಗಸಭೆ ಇದು ಸರಿಯಲ್ಲ ಅಂತ ತೀರ್ಮಾನಿಸಿತು. ಮಾತುಕತೆ ಮುಗಿದು ವಿಶ್ವಸಂಸ್ಥೆ ಜಿಎಚ್‌ಎಸ್ ಎಂಬ ಏಕರೂಪ ಪದ್ಧತಿಯ ಪುಸ್ತಕ ಹೊರತಂದಾಗ 2003. ವಿಷಕ್ಕೆ ಅವಸರ ಇತ್ತು, ಸಮಿತಿಗೆ ಇರಲಿಲ್ಲ.

ಪುಸ್ತಕದಲ್ಲಿ ಶಿಷ್ಟಾಚಾರವೂ ಇದೆ. ಲೇಬಲ್ ಮೇಲೆ ತಲೆಬುರುಡೆ ಬಂತೋ, ಆಶ್ಚರ್ಯಸೂಚಕ ಚಿಹ್ನೆ ಜಾಗ ಖಾಲಿ ಮಾಡಬೇಕು. ದೊಡ್ಡವರು ಕೂತಲ್ಲಿ ಚಿಕ್ಕವರು ಕೂರಬಾರದು. ಯಾರು ದೊಡ್ಡವರು ಅಂತ ತೀರ್ಮಾನಿಸುವುದು ಹೆಚ್ಚಾಗಿ ಇಲಿಗಳು. ದೇಹದ ಒಂದು ಕಿಲೋ ತೂಕಕ್ಕೆ 300 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಹೊಟ್ಟೆಗೆ ಹೋಗಿ ಅರ್ಧದಷ್ಟು ಇಲಿಗಳು ಸತ್ತರೆ ತಲೆಬುರುಡೆ, ಜೊತೆಗೆ 'ಅಪಾಯ' ಅನ್ನುವ ಪದ. 300 ದಾಟಿ 2000ದ ಒಳಗೆ ಇದ್ದರೆ ಆಶ್ಚರ್ಯಸೂಚಕ, ಪದ 'ಎಚ್ಚರಿಕೆ'. ಗೆರೆ ಎಲ್ಲೋ ಒಂದು ಕಡೆ ಎಳೆಯಲೇಬೇಕು, ಒಪ್ಪೋಣ. ಆದರೂ 301ನೇ ಮಿಲಿಗ್ರಾಂನಲ್ಲಿ ಸತ್ತ ಇಲಿಗೆ ತನ್ನ ಸಾವು ಒಂದು ದರ್ಜೆ ಕೆಳಗಿಳಿದ ಸಂಗತಿ ಯಾರಾದರೂ ಹೇಳಬೇಕಿತ್ತು.

ಅಂಕಿಗಳ ಕಥೆ ಇನ್ನೂ ಚೆನ್ನಾಗಿದೆ. ಅಮೆರಿಕದಲ್ಲಿ ಬೆಂಕಿ ಆರಿಸುವವರಿಗಾಗಿ ಮಾಡಿದ ಎನ್‌ಎಫ್‌ಪಿಎ 704 ಎಂಬ ನಾಲ್ಕು ಬಣ್ಣದ ಫಲಕ ಇದೆ. ನೀಲಿ ಆರೋಗ್ಯಕ್ಕೆ, ಕೆಂಪು ಬೆಂಕಿಗೆ, ಹಳದಿ ರಾಸಾಯನಿಕ ಅಸ್ಥಿರತೆಗೆ, ಬಿಳಿ ವಿಶೇಷ ಸೂಚನೆಗೆ. ಅದರಲ್ಲಿ 0 ಅಂದರೆ ನಿರಾಳ, 4 ಅಂದರೆ ಓಡು. ಜಿಎಚ್‌ಎಸ್‌ನಲ್ಲಿ ತದ್ವಿರುದ್ಧ. ಅಲ್ಲಿ 1ನೇ ವರ್ಗವೇ ಭಯಂಕರ, ಅಂಕಿ ಏರಿದಷ್ಟೂ ಸೌಮ್ಯ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಒಂದೇ ಗೋದಾಮಿನ ಗೋಡೆಯ ಮೇಲೆ 1 ಅಂದರೆ 'ಪರವಾಗಿಲ್ಲ', ಮೇಜಿನ ಮೇಲಿನ ಮಾಹಿತಿ ಹಾಳೆಯಲ್ಲಿ 1 ಅಂದರೆ 'ಮನೆಯವರಿಗೆ ಹೇಳಿ ಕಳಿಸಿ'. ಎರಡೂ ಸರಿ, ಎರಡೂ ಅಧಿಕೃತ.

ಆ ಸುರಕ್ಷತಾ ಮಾಹಿತಿ ಹಾಳೆಗೆ ಹಾಳೆ ಅಂತ ಹೆಸರಿಟ್ಟವರ ಧೈರ್ಯ ಮೆಚ್ಚಬೇಕು. ಅದರಲ್ಲಿ 16 ವಿಭಾಗಗಳಿವೆ. ಪ್ರಥಮ ಚಿಕಿತ್ಸೆ ಬರುವುದು 4ನೆಯದರಲ್ಲಿ. ಕಣ್ಣಿಗೆ ಆಮ್ಲ ಸಿಡಿಸಿಕೊಂಡವರು ಮೊದಲು ತಯಾರಕರ ಪರಿಚಯ ಮಾಡಿಕೊಂಡು, ಅಪಾಯದ ವರ್ಗೀಕರಣ ದಾಟಿ, ಘಟಕಾಂಶಗಳ ಪಟ್ಟಿ ಮುಗಿಸಿ, ಆಮೇಲೆ 'ತಕ್ಷಣ ನೀರಿನಿಂದ ತೊಳೆಯಿರಿ' ಅನ್ನುವ ಸಾಲಿಗೆ ಬರಬೇಕು. ಅದೂ ಒಂದೇ ಕಣ್ಣಿನಲ್ಲಿ.

ಇಷ್ಟೆಲ್ಲ ಕಸರತ್ತಿನ ಗುಟ್ಟು ತಿಳಿಯಬೇಕಾದರೆ ಜೈವಿಕ ಅಪಾಯದ ಚಿಹ್ನೆ ಹುಟ್ಟಿದ ಕಥೆ ಕೇಳಬೇಕು. ಮೂರು ಕೊಂಬಿನ ಉಂಗುರಗಳು ಹೆಣೆದುಕೊಂಡ ಆ ಚಿಹ್ನೆ ಸಿದ್ಧವಾದದ್ದು 1966ರಲ್ಲಿ, ಡೌ ಕೆಮಿಕಲ್ ಕಂಪನಿಯ ಚಾರ್ಲ್ಸ್ ಬಾಲ್ಡ್‌ವಿನ್ ತಂಡದಿಂದ. ಅವರಿಗೆ ಬೇಕಾಗಿದ್ದು ಮರೆಯಲಾಗದ, ಆದರೆ ಯಾವ ಅರ್ಥವೂ ಇಲ್ಲದ ಚಿತ್ರ. ಅರ್ಥವನ್ನು ಆಮೇಲೆ ಜನರಿಗೆ ಕಲಿಸೋಣ ಅಂತ ಲೆಕ್ಕ. ಹಲವು ಚಿತ್ರಗಳನ್ನು ಜನರ ಮುಂದಿಟ್ಟು ಪರೀಕ್ಷಿಸಿದರು. ಚೆನ್ನಾಗಿ ನೆನಪಿನಲ್ಲಿ ಉಳಿದದ್ದು, ಆದರೆ ಏನು ಅಂತ ಯಾರಿಗೂ ಹೊಳೆಯದೇ ಇದ್ದದ್ದು ಗೆದ್ದಿತು. ವಿಜ್ಞಾನವಾಗಿ ಇದು ಜಾಣತನವೇ. ಕಲಿಸುವ ಭಾಗ ಮಾತ್ರ ಯಾರ ಪಾಲಿಗೆ ಅಂತ ಹಂಚಿಕೆ ಆಗಲೇ ಇಲ್ಲ.

ಮಕ್ಕಳ ವಿಷಯಕ್ಕೆ ಬಂದರೆ ತಲೆಬುರುಡೆ ಕಂಡರೆ ಅವರಿಗೆ ಸಾವು ನೆನಪಾಗುವುದಿಲ್ಲ, ಕಡಲ್ಗಳ್ಳರು ನೆನಪಾಗುತ್ತಾರೆ. ಕಡಲ್ಗಳ್ಳರು ಅಂದರೆ ನಿಧಿ. ನಿಧಿ ಅಂದರೆ ಮುಚ್ಚಳ ತೆಗೆಯಬೇಕು. ಇದನ್ನು ಗಮನಿಸಿ 1971ರಲ್ಲಿ ಪಿಟ್ಸ್‌ಬರ್ಗಿನಲ್ಲಿ ನಾಲಿಗೆ ಚಾಚಿ ಮುಖ ಸಿಂಡರಿಸಿದ ಹಸಿರು ಮೂತಿಯೊಂದನ್ನು ತಂದರು. 'ಮಿಸ್ಟರ್ ಯಕ್' ಅಂತ ಹೆಸರು. ಆಮೇಲೆ ಪುಟಾಣಿಗಳ ಮೇಲೆ ಪರೀಕ್ಷೆ ಮಾಡಿದವರಿಗೆ ಆ ಮೂತಿ ಅವರನ್ನು ತಡೆಯುತ್ತದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಯಾಕೆ ಸಿಗುತ್ತದೆ? ಚೆಂದದ ಸ್ಟಿಕ್ಕರ್ ಅಂಟಿಸಿದ ಬಾಟಲಿ ಬಿಡುವ ಮಗು ಯಾವುದು?

ವಿಕಿರಣದ ಮೂರು ದಳದ ಚಿಹ್ನೆಯೂ ಜನಕ್ಕೆ ತಿಳಿಯುತ್ತಿಲ್ಲ ಅಂತ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಗೆ ಕೊನೆಗೆ ಮನವರಿಕೆಯಾಯಿತು. 11 ದೇಶಗಳಲ್ಲಿ ಜನರನ್ನು ಕೇಳಿ ನೋಡಿ, 2007ರಲ್ಲಿ ಹೊಸ ಚಿಹ್ನೆ ತಂದರು. ಕೆಂಪು ತ್ರಿಕೋನ, ಮೇಲಿನಿಂದ ಕಿರಣ, ಒಂದು ತಲೆಬುರುಡೆ, ಓಡುತ್ತಿರುವ ಒಬ್ಬ ಮನುಷ್ಯ. ಇಷ್ಟು ಸ್ಪಷ್ಟವಾದ ಚಿತ್ರ ಇನ್ನೊಂದಿಲ್ಲ. ಅದನ್ನು ಅಂಟಿಸುವುದು ಎಲ್ಲಿ ಗೊತ್ತಾ? ಅಪಾಯಕಾರಿ ಮೂಲ ಇರುವ ಯಂತ್ರದ ಹೊದಿಕೆಯ ಒಳಗೆ. ಮಾಮೂಲಿ ಬಳಕೆಯಲ್ಲಿ ಅದು ಕಾಣುವುದೇ ಇಲ್ಲ, ಯಾರಾದರೂ ಯಂತ್ರ ಬಿಚ್ಚಿದರೆ ಕಾಣುತ್ತದೆ. ಬಿಚ್ಚುವವರನ್ನು ತಡೆಯಬೇಕು ಅನ್ನುವ ವಾದ ನ್ಯಾಯವೇ. ಆದರೂ ಇರುವುದರಲ್ಲಿ ಅರ್ಥವಾಗುವ ಒಂದೇ ಒಂದು ಚಿತ್ರವನ್ನು ಸ್ಕ್ರೂ ಹಾಕಿ ಮುಚ್ಚಿಟ್ಟಿದ್ದೇವೆ ನೋಡಿ.

ಸತ್ಯವನ್ನು ಬಾಟಲಿಯ ಮುಂದುಗಡೆಯೇ ಬರೆಯುತ್ತಿದ್ದ ಕಾಲವೂ ಇತ್ತು. 1920ರ ದಶಕದಲ್ಲಿ ಅಮೆರಿಕದಲ್ಲಿ 'ರೇಡಿಥಾರ್' ಎಂಬ ಪುಟ್ಟ ಬಾಟಲಿ ಮಾರಾಟಕ್ಕಿತ್ತು. ಒಳಗೆ ರೇಡಿಯಂ ಬೆರೆಸಿದ ನೀರು. ವಿಕಿರಣಶೀಲ ನೀರು ಅಂತ ಲೇಬಲ್ ಮೇಲೆ ಹೆಮ್ಮೆಯಿಂದಲೇ ಬರೆದಿದ್ದರು, ಯಾಕೆಂದರೆ ಅದೇ ಅದರ ಹೆಚ್ಚುಗಾರಿಕೆ. ಏಬನ್ ಬೈಯರ್ಸ್ ಎಂಬ ಸಿರಿವಂತ ಅದನ್ನು ಸಾವಿರಕ್ಕೂ ಹೆಚ್ಚು ಬಾಟಲಿ ಕುಡಿದ. ದವಡೆಯ ಮೂಳೆ ಕೊಳೆತು 1932ರಲ್ಲಿ ಸತ್ತ. ಸೀಸದ ಪೆಟ್ಟಿಗೆಯಲ್ಲಿಟ್ಟು ಹೂಳಿದರು. ಮಾರಾಟಗಾರರು ಇದರಿಂದ ಕಲಿತ ಪಾಠ ಏನು ಅಂತ ಈಗಿನ ಲೇಬಲ್‌ಗಳೇ ಹೇಳುತ್ತವೆ: ಅಂಥದ್ದನ್ನು ಮುಂದುಗಡೆ ಬರೆಯಬಾರದು.

ಥಾಮಸ್ ಮಿಡ್‌ಗ್ಲಿ ಇದನ್ನು ಇನ್ನೂ ಬೇಗ ಕಲಿತಿದ್ದ. ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿದರೆ ಎಂಜಿನ್ ಬಡಿದುಕೊಳ್ಳುವುದು ನಿಲ್ಲುತ್ತದೆ ಅಂತ 1921ರಲ್ಲಿ ಕಂಡುಹಿಡಿದವನು ಅವನೇ. ಮಾರುವಾಗ ಸೀಸದ ಸುದ್ದಿಯೇ ಬೇಡ ಅಂತ 'ಎಥಿಲ್' ಅಂತ ಹೆಸರಿಟ್ಟರು. 1924ರಲ್ಲಿ ಅದನ್ನು ತಯಾರಿಸುವ ಕಾರ್ಖಾನೆಯ ಕೆಲಸಗಾರರು ಭ್ರಮೆ ಹಿಡಿದು ಸತ್ತರು. ಮಿಡ್‌ಗ್ಲಿ ಪತ್ರಕರ್ತರನ್ನು ಕರೆದು, ಅವರ ಎದುರಿಗೇ ಆ ದ್ರವದಲ್ಲಿ ಕೈ ತೊಳೆದು, ಆವಿಯನ್ನೂ ಮೂಸಿ ತೋರಿಸಿದ. ಅದಕ್ಕೂ ಮುಂಚೆ ಇದೇ ಸೀಸದ ವಿಷವೇರಿ ತಾನು ವಿಶ್ರಾಂತಿಗೆ ಹೋಗಿ ಬಂದದ್ದನ್ನು ಹೇಳಿಕೊಳ್ಳಲಿಲ್ಲ. ಜಗತ್ತಿನ ಕೊನೆಯ ಬಂಕುಗಳು ವಾಹನಗಳಿಗೆ ಸೀಸದ ಪೆಟ್ರೋಲ್ ಹಾಕುವುದನ್ನು ನಿಲ್ಲಿಸಿದ್ದು 2021ರಲ್ಲಿ, ಅಲ್ಜೀರಿಯಾದಲ್ಲಿ.

ಹಾಗಂತ ನಾವು ಹೆದರುವುದೇ ಇಲ್ಲ ಅಂತಲ್ಲ. 1997ರಲ್ಲಿ ಅಮೆರಿಕದ ಶಾಲಾ ಹುಡುಗನೊಬ್ಬ 'ಡೈಹೈಡ್ರೋಜನ್ ಮೊನಾಕ್ಸೈಡ್' ಎಂಬ ವಸ್ತುವಿನ ಅಪಾಯಗಳನ್ನು ವಿವರಿಸಿ, ನಿಷೇಧಿಸಬೇಕೇ ಅಂತ 50 ಸಹಪಾಠಿಗಳನ್ನು ಕೇಳಿದ. 43 ಮಂದಿ ಬೇಕು ಅಂದರು. ಅದು ನೀರು. ಅಂದರೆ ನಮ್ಮ ಭಯ ಖಾಲಿಯಾಗಿಲ್ಲ, ವಿಳಾಸ ತಪ್ಪಿದೆ ಅಷ್ಟೆ. ಉದ್ದದ ಹೆಸರು ಕಂಡರೆ ನಡುಗುತ್ತೇವೆ, 'ನೈಸರ್ಗಿಕ' ಅಂದರೆ ತಲೆದೂಗುತ್ತೇವೆ. ಹರಳು ಬೀಜದ ರಿಸಿನ್ ನೈಸರ್ಗಿಕ. ಬ್ಯಾಕ್ಟೀರಿಯಾ ಕೊಡುವ ಬೊಟುಲಿನಂ ವಿಷ ಇನ್ನೂ ನೈಸರ್ಗಿಕ, ಅದಕ್ಕಿಂತ ಘೋರವಾದ ವಿಷ ಸಿಗುವುದು ಕಷ್ಟ. ಅತ್ತ ಒಂದು ಬಾಟಲಿಯ ಬ್ಲೀಚನ್ನೂ ಇನ್ನೊಂದು ಬಾಟಲಿಯ ಆಮ್ಲವನ್ನೂ ಒಂದೇ ಬಕೆಟ್ಟಿಗೆ ಸುರಿದು, ಎರಡು ಸೇರಿದರೆ ಇನ್ನೂ ಚೆನ್ನಾಗಿ ಕೊಳೆ ಹೋಗುತ್ತದೆ ಅಂದುಕೊಳ್ಳುತ್ತೇವೆ. ಹೋಗುತ್ತದೆ, ನಿಜ. ಜೊತೆಗೆ ಕ್ಲೋರಿನ್ ಅನಿಲ ಎದ್ದು ಉಸಿರೂ ಹೋಗುತ್ತದೆ. ಉಳಿದ ದ್ರಾವಣವನ್ನು ಸುಮ್ನೆ ಯಾಕೆ ಹಾಳು ಮಾಡುವುದು ಅಂತ ಕುಡಿಯುವ ನೀರಿನ ಬಾಟಲಿಗೆ ತುಂಬಿಡುವವರೂ ಇದ್ದಾರೆ. ಹಳೇ ಬಾಟಲಿಯ ಜೊತೆಗೆ ಆ 1 ಚದರ ಸೆಂಟಿಮೀಟರ್ ಎಚ್ಚರಿಕೆಯೂ ಕಸಕ್ಕೆ ಹೋಯಿತು. ಯಾರಾದರೂ ಕುಡಿದರೆ ವೈದ್ಯರು ಮೊದಲು ಕೇಳುವುದು ಆ ಲೇಬಲನ್ನೇ.

ಲೇಬಲಿನಲ್ಲಿ ಪಿ103 ಅಂತ ಒಂದು ಅಧಿಕೃತ ಸೂಚನೆ ಬಹಳ ಕಾಲ ಹೀಗಿತ್ತು: ಬಳಸುವ ಮೊದಲು ಲೇಬಲ್ ಓದಿ. ಅದು ಲೇಬಲ್ ಓದುತ್ತಿರುವವರಿಗೆ ಮಾತ್ರ ಸಿಗುತ್ತಿದ್ದ ಸಲಹೆ.

ಹೀಗಿರುವ ನಾವು ಮುಂದಿನ 10,000 ವರ್ಷದ ಜನರಿಗೂ ಎಚ್ಚರಿಕೆ ಕೊಡಲು ಹೊರಟಿದ್ದೇವೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಉಪ್ಪಿನ ಪದರದ ಆಳದಲ್ಲಿ ಅಣುತ್ಯಾಜ್ಯ ಹೂಳುತ್ತಾರೆ. ಅಷ್ಟು ದೂರದ ಕಾಲದವರಿಗೆ ನಮ್ಮ ಭಾಷೆ ತಿಳಿಯದಿದ್ದರೆ ಏನು ಗತಿ ಅಂತ ಭಾಷಾತಜ್ಞರು, ಮಾನವಶಾಸ್ತ್ರಜ್ಞರೆಲ್ಲ ತಲೆ ಕೆಡಿಸಿಕೊಂಡರು. ನೆಲದಿಂದ ರಾಕ್ಷಸ ಗಾತ್ರದ ಕಲ್ಲಿನ ಮುಳ್ಳುಗಳನ್ನು ಎಬ್ಬಿಸೋಣ ಅಂದರು ಕೆಲವರು. ಅಣುತ್ಯಾಜ್ಯದ ಇದೇ ಚಿಂತೆಗೆ 1984ರಲ್ಲಿ ಫ್ರಾನ್ಸ್ವಾಸ್ ಬಾಸ್ತಿದ್ ಮತ್ತು ಪಾವ್ಲೊ ಫಾಬ್ರಿ ಎಂಬ ಸಂಕೇತಶಾಸ್ತ್ರಜ್ಞರು ಇನ್ನೂ ಮುದ್ದಾದ ಉಪಾಯ ಹೇಳಿದ್ದರು: ವಿಕಿರಣ ತಗುಲಿದರೆ ಮೈಬಣ್ಣ ಬದಲಾಗುವ ಬೆಕ್ಕಿನ ತಳಿ ಬೆಳೆಸೋಣ. ಬೆಕ್ಕಿನ ಬಣ್ಣ ಬದಲಾದರೆ ಓಡಬೇಕು ಅಂತ ಹಾಡು ಕಟ್ಟೋಣ, ಕಥೆ ಹೇಳೋಣ, ತಲೆಮಾರಿನಿಂದ ತಲೆಮಾರಿಗೆ ಅದು ಸಾಗಲಿ.

ಓಡುತ್ತಾರೆಯೇ? ಬಣ್ಣ ಬದಲಾಯಿಸುವ ಬೆಕ್ಕು ಕಂಡವರು ಮೊದಲು ಫೋನ್ ತೆಗೆಯುತ್ತಾರೆ. ಆಮೇಲೆ ಮೊಣಕಾಲೂರಿ ಕೂತು, 'ಬಾ ಪುಟ್ಟಾ, ಇನ್ನೂ ಸ್ವಲ್ಪ ಹತ್ತಿರ ಬಾ' ಅನ್ನುತ್ತಾರೆ.