ಹಗಲು ಪಾಸ್, ರಾತ್ರಿ ಫೇಲ್

ರಾತ್ರಿ ಒಂದು ಗಂಟೆ. ಬದಿಯಡ್ಕದ ಮಳೆ, ಮೂರು ಸಲ ಹೋಗಿ ಬಂದ ಕರೆಂಟು. ಕಂಪೈಲರಿನ (ನಾವು ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಮು) ಟೆಸ್ಟ್ ಎಲ್ಲ ಪಾಸಾಗಿ ಹಸಿರಾಯಿತು ಅಂತ ಲ್ಯಾಪ್‌ಟಾಪ್ ಮುಚ್ಚಲು ಹೊರಟರೆ ಮತ್ತೊಂದು ಕೆಂಪು! ಅದೂ ನಾನು ಮುಟ್ಟಿಯೇ ಇಲ್ಲದ ಫೈಲಿನಲ್ಲಿ. ಮಧ್ಯಾಹ್ನ ಇದೇ ಟೆಸ್ಟ್ ಪಾಸಾಗಿತ್ತು. ಇದೆಂತ ಟೆಸ್ಟೋ ಭೂತವೋ ಮಾರಾಯ್ರೆ? ಭೂತವಾದರೆ ಒಂದು ಕೋಲ ಕೊಟ್ಟು ಸಮಾಧಾನ ಮಾಡಬಹುದಿತ್ತು.

ಎರಡು ಗಂಟೆ ಹುಡುಕಿದೆ. ಟೆಸ್ಟ್ ಬರೆದ ಪುಣ್ಯಾತ್ಮ ಒಂದು ಕಡೆ ಯುಟಿಸಿ (ಜಗತ್ತಿಗೆಲ್ಲ ಆಧಾರವಾದ ಸಮಯ) ತಾರೀಕು, ಇನ್ನೊಂದು ಕಡೆ ಕಂಪ್ಯೂಟರಿನ ತಾರೀಕು ತೆಗೆದು ಎರಡೂ ಒಂದೇನಾ ಅಂತ ನೋಡಿದ್ದಾನೆ. ನಾವು ಐದೂವರೆ ಗಂಟೆ ಮುಂದೆ ಅಲ್ವಾ? ನಡುರಾತ್ರಿಯಿಂದ ಬೆಳಗ್ಗೆ 5:30ರ ತನಕ ಯುಟಿಸಿಯಲ್ಲಿ ಇನ್ನೂ ನಿನ್ನೆಯೇ!

ಇಷ್ಟು ಹೇಳಲು ಎರರ್ ಮೆಸೇಜಿಗೆ ಏನು ಕಷ್ಟ? ಅದು ಹೇಳಿದ್ದು ‘ಏನೋ ತಪ್ಪಾಗಿದೆ’ ಅಂತ. ಅದು ನನಗೂ ಗೊತ್ತಿತ್ತು. ಟೆಸ್ಟ್ ಓಡಿಸುವ ಪೈಥಾನ್ ಸ್ಕ್ರಿಪ್ಟ್ ನೋಡಿದರೆ ಲೂಪಿನೊಳಗೆ ಬರೀ ‘ಎಕ್ಸೆಪ್ಟ್’, ಕೆಳಗೆ ‘ಪಾಸ್’. ಅಂದರೆ ಯಾವ ಎರರ್ ಬಂದರೂ ಹಿಡಿ, ಏನೂ ಮಾಡದೆ ಮುಂದೆ ಹೋಗು ಅಂತ. ಬಂದ ಎರರನ್ನೆಲ್ಲ ಸದ್ದಿಲ್ಲದೆ ನುಂಗಿ ಕೂತಿದೆ. ಸಿಟ್ಟಲ್ಲಿ, ಓಡುವ ಪ್ರೋಗ್ರಾಮನ್ನು ನಿಲ್ಲಿಸುವ ಕಂಟ್ರೋಲ್ ಸಿ ಒತ್ತಿದೆ. ಅದನ್ನೂ ನುಂಗಿತು!

ಕನ್ನಡ ಇರುವ ಸಾಲಿನಲ್ಲಿ ತಪ್ಪಾದರಂತೂ ಕೇಳಲೇಬೇಡಿ. ‘ಕ್ಷ’ ನಮಗೆ ಒಂದು ಅಕ್ಷರ, ಕಂಪ್ಯೂಟರ್ ಅಕ್ಷರಗಳನ್ನು ಬೈಟುಗಳಾಗಿ ಇಟ್ಟುಕೊಳ್ಳುವ ಯುಟಿಎಫ್-8ರಲ್ಲಿ 9 ಬೈಟು. ಕಂಪೈಲರ್ ಬೈಟು ಎಣಿಸಿ ತಪ್ಪಿನ ಜಾಗ ತೋರಿಸುವ ಬಾಣವನ್ನು ಅಡಿಕೆ ತೋಟದ ಆಚೆ ಎಲ್ಲೋ ನೆಡುತ್ತದೆ.

ಅಮ್ಮ ಎದ್ದು ಬಂದರು. “ಇನ್ನೂ ಮಲಗಲಿಲ್ವಾ ಮಗಾ? ನಾಳೆ ಮಾಡಿದರಾಗದಾ?”

ನಾಳೆ ಹಗಲು ಇದು ಪಾಸಾಗುತ್ತದಲ್ಲ ಅಮ್ಮಾ, ಅದೇ ಸಂಕಟ!