ಮೂರು ಕ್ಲಬ್‌ಗಳಿಗೆ ಬೇಡವಾದ ಹೋರ್ಸ್ಟ್ ಸ್ಟೆಫೆನ್

ತಂಡ ಎರಡು ಮ್ಯಾಚ್ ಸೋತರೆ ಸಾಕು, "ಕೋಚ್‌ನ ಮೊದಲು ಮನೆಗೆ ಕಳಿಸಿ" ಅಂತ ಶುರು ಮಾಡುವವರು ನನ್ನ ಫ್ರೆಂಡ್ ಲಿಸ್ಟಲ್ಲೂ ಬೇಕಾದಷ್ಟು ಜನ ಇದ್ದಾರೆ. ಅವರೆಲ್ಲ ಒಮ್ಮೆ ಜರ್ಮನಿಯ ಫುಟ್‌ಬಾಲ್ ಕೋಚ್ ಹೋರ್ಸ್ಟ್ ಸ್ಟೆಫೆನ್ ಕಥೆ ಓದಬೇಕು. ಗಾರ್ಡಿಯೋಲಾ, ಕ್ಲಾಪ್ ಥರದ ದೊಡ್ಡ ಕೋಚ್‌ಗಳ ಹೆಸರು ಗೊತ್ತಿರುವ ನಮ್ಮಲ್ಲಿ ಎಷ್ಟೋ ಜನ ಈ ಹೆಸರು ಕೇಳಿಯೇ ಇರಲಿಕ್ಕಿಲ್ಲ.

ಸ್ಟೆಫೆನ್ ಹುಟ್ಟಿದ್ದು 1969ರಲ್ಲಿ. ಆಟಗಾರನಾಗಿ ಕಳಪೆಯೇನಲ್ಲ, ಬಾಯರ್ ಉರ್ಡಿಂಗೆನ್, ಬೊರುಸಿಯಾ ಮೊಯೆಂಶನ್‌ಗ್ಲಾಡ್‌ಬಾಖ್, ಡುಯಿಸ್‌ಬುರ್ಗ್ ಪರ ಜರ್ಮನಿಯ ಮೊದಲ ದರ್ಜೆಯ ಲೀಗ್ ಬುಂಡೆಸ್‌ಲಿಗಾ ಆಡಿದವರು. ಆದರೆ ರಾಷ್ಟ್ರೀಯ ತಂಡದ ಸ್ಟಾರ್ ಆಗಿರಲಿಲ್ಲ. ಸ್ಟಾರ್‌ಗಳಿಗೆ ರಿಟೈರ್ ಆದ ಕೂಡಲೇ ದೊಡ್ಡ ಕ್ಲಬ್ಬಿನ ಬಾಗಿಲು ತಾನಾಗಿ ತೆರೆಯುತ್ತದೆ. ಉಳಿದವರು ಹುಡುಗರ ತಂಡಗಳಿಂದ, ಕೆಳಗಿನ ಲೀಗ್‌ಗಳಿಂದ ಮೆಟ್ಟಿಲು ಹತ್ತಬೇಕು. ಇವರೂ ಹಾಗೇ ಹತ್ತಿದರು.

2013ರಲ್ಲಿ ಸ್ಟುಟ್‌ಗಾರ್ಟರ್ ಕಿಕರ್ಸ್ ತಂಡಕ್ಕೆ ಕೋಚ್ ಆದರು. ಆಗ ಅದು ಇದ್ದದ್ದು ಜರ್ಮನಿಯ ಮೂರನೇ ದರ್ಜೆಯ ಲೀಗಿನಲ್ಲಿ. 2014–15ರಲ್ಲಿ ಆ ತಂಡವನ್ನು ನಾಲ್ಕನೇ ಸ್ಥಾನಕ್ಕೆ ತಂದರು, ಮೇಲಿನ ದರ್ಜೆಗೆ ಬಡ್ತಿ ಸ್ವಲ್ಪದರಲ್ಲಿ ತಪ್ಪಿತು. ಮುಂದಿನ ಸೀಸನ್ನಿನ ಶುರು ಚೆನ್ನಾಗಿರಲಿಲ್ಲ, ನವೆಂಬರಲ್ಲೇ ಕೆಲಸ ಹೋಯಿತು. ಹೋಗಲಿ, ಕೋಚ್ ಬದಲಾದ ಮೇಲೆ ಕಿಕರ್ಸ್ ಉದ್ಧಾರ ಆಯಿತಾ? ಅದೇ ಸೀಸನ್ನಿನ ಕೊನೆಗೆ ನಾಲ್ಕನೇ ದರ್ಜೆಗೆ ಇಳಿಯಿತು.

ಆಮೇಲೆ ಪ್ರೊಯಿಸೆನ್ ಮ್ಯೂನ್‌ಸ್ಟರ್. ಅಲ್ಲಿ ಒಂದು ವರ್ಷವೂ ತುಂಬಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ಅವರನ್ನು ಕಳಿಸಿದ ಮೇಲೆ ಮ್ಯೂನ್‌ಸ್ಟರ್ ಚೇತರಿಸಿಕೊಂಡಿತು. ನಂತರ ಕೆಮ್ನಿಟ್ಸ್. 2018ರ ಜನವರಿಯಲ್ಲಿ ಅಲ್ಲಿಂದಲೂ ಗೇಟ್‌ಪಾಸ್. ಕೆಮ್ನಿಟ್ಸ್ ಆ ವರ್ಷವೇ ದಿವಾಳಿ ಎದ್ದು ಕೆಳಗಿಳಿಯಿತು. ಸತತ ಮೂರು ಕ್ಲಬ್, ಮೂರು ಕಡೆಯೂ ನಡುವೆಯೇ ಮನೆಗೆ. ಐವತ್ತಕ್ಕೆ ಹತ್ತಿರವಾದ ಇಂಥ ಕೋಚ್‌ನ ಬಯೋಡೇಟಾ ನಮ್ಮ ಯಾವುದಾದರೂ ಕ್ಲಬ್ಬಿನ ಮೇಜಿನ ಮೇಲೆ ಬಂದಿದ್ದರೆ ಯಾರಾದರೂ ಎರಡನೇ ಪುಟ ತಿರುವಿ ನೋಡುತ್ತಿದ್ದರಾ?

ಎಲ್ವರ್ಸ್‌ಬರ್ಗ್ ನೋಡಿತು. ಜರ್ಮನಿಯ ಸಾರ್‌ಲ್ಯಾಂಡ್ ರಾಜ್ಯದ ಸ್ಪೀಸೆನ್-ಎಲ್ವರ್ಸ್‌ಬರ್ಗ್ ಅನ್ನುವ ಊರಿನ ಕ್ಲಬ್ಬು, ಊರಿನ ಜನಸಂಖ್ಯೆ ಸುಮಾರು 13,000. ನಮ್ಮ ಲೆಕ್ಕದಲ್ಲಿ ಪಟ್ಟಣ ಅನ್ನಲಿಕ್ಕೂ ಯೋಚಿಸಬೇಕು. 2018ರ ಅಕ್ಟೋಬರ್‌ನಲ್ಲಿ ಸ್ಟೆಫೆನ್ ಅಲ್ಲಿಗೆ ಹೋದಾಗ ತಂಡ ನಾಲ್ಕನೇ ದರ್ಜೆಯ ರೀಜನಲ್‌ಲಿಗಾದಲ್ಲಿತ್ತು. ಆ ಲೀಗಿನಲ್ಲಿ ಆಡುವುದು ಕಷ್ಟ, ಅಲ್ಲಿಂದ ಮೇಲೆ ಬರುವುದು ಇನ್ನೂ ಕಷ್ಟ. ಅವರಿದ್ದ ನೈಋತ್ಯ ವಿಭಾಗದಲ್ಲಿ ಮೊದಲ ಸ್ಥಾನ ಪಡೆದವರಿಗೆ ಮಾತ್ರ ಬಡ್ತಿ. ಎರಡನೇ ಸ್ಥಾನಕ್ಕೆ ಏನೂ ಇಲ್ಲ.

ಮೊದಲ ವರ್ಷ ವಾಲ್ಡ್‌ಹೋಫ್ ಮಾನ್‌ಹೈಮ್ ಮೇಲೆ ಹೋಯಿತು. ಎರಡನೇ ವರ್ಷ ಪಕ್ಕದೂರಿನ ಸಾರ್‌ಬ್ರೂಕೆನ್. ಮೂರನೇ ವರ್ಷ ಫ್ರೈಬುರ್ಗ್‌ನ ಎರಡನೇ ತಂಡ. ಕೊನೆಯ ಆ ಎರಡೂ ವರ್ಷ ಎಲ್ವರ್ಸ್‌ಬರ್ಗ್ ಮೇಲಿನ ಸ್ಥಾನಗಳಲ್ಲೇ ಇದ್ದೂ ಬಡ್ತಿ ತಪ್ಪಿತು. ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಈ ಮೂರು ವರ್ಷ. ಗೆಲ್ಲುವ ಕೋಚ್‌ನ ಇಟ್ಟುಕೊಳ್ಳುವುದನ್ನು ತಾಳ್ಮೆ ಅಂತ ನಾನು ಕರೆಯಲ್ಲ. ಕೈಗೆ ಬಂದ ತುತ್ತು ಎರಡು ಸಲ ಬಾಯಿಗೆ ಬರದೇ ಹೋದಮೇಲೂ ಅದೇ ಮನುಷ್ಯನನ್ನು ಉಳಿಸಿಕೊಂಡರಲ್ಲ, ಅದು ತಾಳ್ಮೆ.

ಇದನ್ನು ಬಡ ಹಳ್ಳಿ ತಂಡದ ಪವಾಡ ಅಂತ ಬರೆಯುವವರನ್ನು ಕಂಡರೂ ನನಗೆ ಸಿಟ್ಟು ಬರುತ್ತದೆ. ಕ್ಲಬ್ಬಿನ ಹಿಂದೆ ಹೋಲ್ಜರ್ ಕುಟುಂಬ ಇದೆ, ಕಣ್ಣಿನ ಡ್ರಾಪ್ಸ್ ತಯಾರಿಸುವ ಉರ್ಸಾಫಾರ್ಮ್ ಕಂಪನಿ ಇದೆ, ಸ್ಟೇಡಿಯಂಗೆ ಅದೇ ಹೆಸರು. ದುಡ್ಡು ಬೇಕೇ ಬೇಕು. ಆದರೆ ದುಡ್ಡಿದ್ದೂ ವರ್ಷಕ್ಕೊಬ್ಬ ಕೋಚ್ ತರುವ ಕ್ಲಬ್‌ಗಳು ಜರ್ಮನಿಯಲ್ಲೂ ಕಡಿಮೆ ಇಲ್ಲ, ಹ್ಯಾಂಬರ್ಗ್ ಅಭಿಮಾನಿಗಳನ್ನು ಕೇಳಿ ನೋಡಿ.

2022ರಲ್ಲಿ ಕೊನೆಗೂ ಬಡ್ತಿ ಸಿಕ್ಕಿತು. ಮುಂದಿನ ಸೀಸನ್ ಶುರುವಿನಲ್ಲೇ ಜರ್ಮನ್ ಕಪ್‌ನಲ್ಲಿ ಬುಂಡೆಸ್‌ಲಿಗಾ ತಂಡ ಲೆವರ್‌ಕೂಸೆನ್‌ಗೆ 4–3 ಏಟು. ಆ ವರ್ಷವೇ ಮೂರನೇ ದರ್ಜೆಯ ಚಾಂಪಿಯನ್. ಆಗ ಬ್ರೆಮೆನ್‌ ಕ್ಲಬ್ಬಿನಿಂದ ಲೋನ್ ಮೇಲೆ, ಅಂದರೆ ಎರವಲಾಗಿ, ಬಂದಿದ್ದ ಆರಡಿ ಆರಿಂಚಿನ ಹುಡುಗನೊಬ್ಬ ತಂಡದಲ್ಲಿದ್ದ: ನಿಕ್ ವೋಲ್ಟೆಮಾಡೆ. ಈಗ ಪ್ರೀಮಿಯರ್ ಲೀಗ್ ನೋಡುವ ಎಲ್ಲರಿಗೂ ಗೊತ್ತಿರುವ ಹೆಸರು. ಅವನಿಗೆ ಸೀನಿಯರ್ ಫುಟ್‌ಬಾಲ್‌ನಲ್ಲಿ ವಾರ ವಾರ ಆಡುವ ರೂಢಿ ಆದದ್ದು ಈ ಊರಲ್ಲಿ. ನಂತರ ಬಾಯರ್ನ್‌ನ ಪೌಲ್ ವಾನರ್, ಹೋಫೆನ್‌ಹೈಮ್‌ನ ಅಸ್ಲಾನಿ. ದೊಡ್ಡ ಕ್ಲಬ್ಬುಗಳು ಬೆಂಚಿನಲ್ಲಿ ಕೂರಿಸಿದ್ದ ಹುಡುಗರನ್ನು ಕರೆತಂದು, ಚೆಂಡನ್ನು ಸುಮ್ಮನೆ ಎತ್ತಿ ಒದೆಯದೆ ಪಾಸ್ ಮಾಡಿಕೊಂಡೇ ಆಡುವ ತಂಡ ಕಟ್ಟಿದರು.

2024–25ರಲ್ಲಿ ಎರಡನೇ ದರ್ಜೆಯಲ್ಲಿ ಮೂರನೇ ಸ್ಥಾನ. ಬುಂಡೆಸ್‌ಲಿಗಾಗೆ ಹೋಗಲು ಎರಡು ಪಂದ್ಯಗಳ ಪ್ಲೇಆಫ್. ಎದುರಾಳಿ ಯಾರು? ಹೈಡನ್‌ಹೈಮ್, ಅದರ ಕೋಚ್ ಫ್ರಾಂಕ್ ಶ್ಮಿಟ್! ಅದೇ ಊರಲ್ಲಿ ಹುಟ್ಟಿ, ಅದೇ ತಂಡಕ್ಕೆ ಆಡಿ, 2007ರಲ್ಲಿ ಎರಡು ಮ್ಯಾಚಿನ ಮಟ್ಟಿಗೆ ಅಂತ ಕೋಚ್ ಆದವರು ಅಲ್ಲೇ ಉಳಿದು ತಂಡವನ್ನು ನಾಲ್ಕನೇ ದರ್ಜೆಯಿಂದ ಬುಂಡೆಸ್‌ಲಿಗಾಗೆ ತಂದವರು. ಒಬ್ಬರಿಗೆ ಮೊದಲ ಕ್ಲಬ್ಬೇ ಮನೆ, ಇನ್ನೊಬ್ಬರು ಮೂರು ಬಾಗಿಲು ದಾಟಿ ಬಂದವರು. ಮೊದಲ ಪಂದ್ಯದಲ್ಲಿ ಎಲ್ವರ್ಸ್‌ಬರ್ಗ್ 2–0 ಮುಂದಿತ್ತು, ಕೊನೆಗೆ 2–2. ಎರಡನೇ ಪಂದ್ಯ 1–1 ಆಗಿ ಎಕ್ಸ್‌ಟ್ರಾ ಟೈಮ್ ಕಡೆ ಹೊರಟಿತ್ತು. 95ನೇ ನಿಮಿಷದಲ್ಲಿ ಹೈಡನ್‌ಹೈಮ್‌ನ ಸಿಯೆಂಜಾ ಗೋಲ್ ಹೊಡೆದುಬಿಟ್ಟ. ಹೊಟ್ಟೆ ಉರಿಯಿತು, ನಿಜ ಹೇಳುತ್ತೇನೆ. ಶ್ಮಿಟ್ ಬಗ್ಗೆ ಎಷ್ಟೇ ಗೌರವ ಇದ್ದರೂ ಆ ರಾತ್ರಿ ನಾನು ಸ್ಟೆಫೆನ್ ಕಡೆಗಿದ್ದೆ.

ನಮ್ಮ ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಅಲ್ಲಿಂದ ಬಂದ ಕೋಚ್‌ಗಳು ವೆಸ್ಟ್‌ವುಡ್, ರೋಕಾ, ಕ್ವಾದ್ರಾತ್, ಪೆಜಾಯುಲಿ, ಗ್ರೇಸನ್, ಜರಗೋಜಾ. ಇವರಲ್ಲಿ ಜರ್ಮನಿಯಿಂದಲೇ ಬಂದ ಪೆಜಾಯುಲಿಗೆ ಸಿಕ್ಕಿದ್ದು ಒಂದು ಸೀಸನ್. ಅವರು ಇದ್ದಿದ್ದರೆ ಕಪ್ ಬರುತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಕೆಳಗಿನ ದರ್ಜೆಗೆ ಬೀಳುವ ಭಯವೇ ಇಲ್ಲದೆ ಇಷ್ಟು ವರ್ಷ ಆಡಿದ್ದೇವೆ. ಬೀಳುವ ಭಯ ಇಲ್ಲದಾಗಲೂ ಕೋಚ್‌ಗೆ ಎರಡನೇ ವರ್ಷ ಕೊಡಲು ಆಗದಿದ್ದರೆ ಇನ್ಯಾವಾಗ ಕೊಡುತ್ತೀರಿ ಸ್ವಾಮಿ?

ಸ್ಟೆಫೆನ್‌ರನ್ನು ಆ ಪ್ಲೇಆಫ್ ಮುಗಿದ ಬೇಸಿಗೆಯಲ್ಲೇ ವೆರ್ಡರ್ ಬ್ರೆಮೆನ್ ಕರೆದುಕೊಂಡು ಹೋಯಿತು. 56ನೇ ವಯಸ್ಸಿನಲ್ಲಿ ಬುಂಡೆಸ್‌ಲಿಗಾದಲ್ಲಿ ಕೋಚ್ ಆಗಿ ಮೊದಲ ಕೆಲಸ. ಖಾಲಿಯಾದ ಜಾಗಕ್ಕೆ ಎಲ್ವರ್ಸ್‌ಬರ್ಗ್ ಯಾವ ದೊಡ್ಡ ಹೆಸರನ್ನೂ ಹುಡುಕಿಕೊಂಡು ಹೋಗಲಿಲ್ಲ. ಹೋಫೆನ್‌ಹೈಮ್‌ನ ಎರಡನೇ ತಂಡವನ್ನು ರೀಜನಲ್‌ಲಿಗಾದಿಂದ ಆಗಷ್ಟೇ ಮೇಲೆ ತಂದಿದ್ದ ವಿನ್ಸೆಂಟ್ ವಾಗ್ನರ್‌ಗೆ ಕೆಲಸ ಕೊಟ್ಟಿತು.